ಅರ್ಧಚಂದ್ರ ಕೈಕೊಟ್ಟ ದಿನ

ಹುಣ್ಣಿಮೆ, ಅಮಾವಾಸ್ಯೆಗೆ ಕಡಲು ಹೆಚ್ಚು ಉಬ್ಬುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ನಮ್ಮ ಮಕ್ಕಳು ಇದನ್ನು ಎರಡು ಅಂಕಕ್ಕಾಗಿ ಕಲಿಯುತ್ತಾರೆ.

1943ರ ನವೆಂಬರ್ 20. ಪೆಸಿಫಿಕ್ ಸಾಗರದ ತರಾವಾದಲ್ಲಿ ಜಪಾನೀಯರ ಮೇಲೆ ಅಮೆರಿಕದ ದಾಳಿ. ಸೈನಿಕರ ದೋಣಿಗಳು ಹವಳದ ದಿಬ್ಬ ದಾಟಲು ಸುಮಾರು ನಾಲ್ಕು ಅಡಿ ನೀರು ಬೇಕಿತ್ತು. ಆಗ ಅರ್ಧಚಂದ್ರ, ಸಾಲದ್ದಕ್ಕೆ ಚಂದ್ರ ಭೂಮಿಯಿಂದ ದೂರದಲ್ಲಿದ್ದ. ಆ ಕಡಲನ್ನು ಬಲ್ಲ ಮೇಜರ್ ಹಾಲೆಂಡ್ ಎಚ್ಚರಿಸಿದ್ದಂತೆಯೇ ನೀರು ಏರಲಿಲ್ಲ. ದೋಣಿಗಳು ದಿಬ್ಬಕ್ಕೆ ಸಿಕ್ಕಿಬಿದ್ದವು. ಸೈನಿಕರು ನೀರಿಗಿಳಿದು, ಮೆಷಿನ್‌ಗನ್ನುಗಳಿಗೆ ಎದುರಾಗಿ ಅರ್ಧ ಕಿಲೋಮೀಟರಿನಷ್ಟು ನಡೆದರು.

76 ಗಂಟೆಗಳ ಕಾಳಗದಲ್ಲಿ ಅಮೆರಿಕದ ಸುಮಾರು 1,000 ಮಂದಿ ಮಡಿದರು. ಜಪಾನೀ ಸೈನಿಕರಲ್ಲಿ ಸೆರೆಸಿಕ್ಕವರು 17 ಮಾತ್ರ.

ಅನಂತರದ ದಾಳಿಗಳಲ್ಲಿ ಮೊದಲೇ ಈಜುಗಾರರನ್ನು ಕಳಿಸಿ ನೀರಿನ ಆಳ ಅಳೆಸಿದರು. ಆ ಅಳತೆಯ ಬೆಲೆಯನ್ನು ತರಾವಾದಲ್ಲಿ ಬಿದ್ದವರು ತೆತ್ತಾಗಿತ್ತು.