ಕಿರುಬಂಡವಳವೂ ಶೋಧಯಂತ್ರವೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ಅಂಗಡಿಯಿಡಲು ಹೊರಟ ವರ್ತಕನಿಗೆ ಹಿಂದೆ ಎರಡು ಚಿಂತೆಗಳಿರುತ್ತಿದ್ದುವು. ಒಳ್ಳೆಯ ಸರಕು ದೊರೆಯಬೇಕು. ಹತ್ತು ಮಂದಿ ಹಾದುಹೋಗುವ ಸ್ಥಳ ದೊರೆಯಬೇಕು. ಸರಕು ಎಷ್ಟೇ ಉತ್ತಮವಾಗಿದ್ದರೂ ಅಂಗಡಿಯು ಕಣ್ಣಿಗೆ ಬೀಳದ ಗಲ್ಲಿಯಲ್ಲಿದ್ದರೆ ವ್ಯಾಪಾರವಿಲ್ಲ. ಇಂದು ದಂಡುಪ್ರದೇಶದಿಂದ ಹೊರಟು ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರದವರೆಗೆ ಸ್ಟಾರ್ಟಪ್ ಎಂಬ ಹೆಸರಿನಿಂದ ಹೊಸ ಉದ್ಯಮಗಳನ್ನು ಹೂಡುತ್ತಿರುವ ನಮ್ಮ ತರುಣರಿಗೂ ಇವೇ ಎರಡು ಚಿಂತೆಗಳು. ಸ್ಥಳವೆಂಬ ಮಾತಿನ ಅರ್ಥ ಮಾತ್ರ ಬದಲಾಗಿದೆ. ಗಿರಾಕಿಯು ಈಗ ಬೀದಿಯಲ್ಲಿ ಅಲೆದು ಅಂಗಡಿಯನ್ನು ಹುಡುಕುವುದು ಅಪರೂಪ. ಕೈಯಲ್ಲಿರುವ ಫೋನಿನಲ್ಲಿ ನಾಲ್ಕು ಮಾತುಗಳನ್ನು ಬರೆದು ಗೂಗಲ್ ಮೊದಲಾದ ಶೋಧಯಂತ್ರಗಳನ್ನು ಕೇಳುತ್ತಾನೆ. ಯಂತ್ರವು ತನ್ನ ಮೊದಲ ಪುಟದಲ್ಲಿ ಯಾರ ಹೆಸರನ್ನು ತೋರಿಸುವುದೋ ಅವನ ಅಂಗಡಿಯು ಪೇಟೆಯ ನಡುವಿನಲ್ಲಿದ್ದಂತೆ, ಉಳಿದವರದು ಊರಾಚೆ.

ಈ ಮೊದಲ ಪುಟದಲ್ಲಿ ಸ್ಥಾನ ಲಭಿಸುವಂತೆ ಜಾಲತಾಣವನ್ನು ಅಣಿಗೊಳಿಸುವ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಸಂಕ್ಷೇಪವಾಗಿ ಎಸ್‌ಇಒ, ಎಂದು ಹೆಸರು. ವಿದ್ಯೆಯೇನೋ ನಿಜವಾದುದು, ಅದನ್ನು ಪ್ರಾಮಾಣಿಕವಾಗಿ ಬಲ್ಲವರೂ ಉಂಟು. ಆದರೆ ವಿದ್ಯೆಯಿದ್ದಲ್ಲಿ ಅದರ ನೆರಳಿನಲ್ಲಿ ದಳ್ಳಾಳಿಯೂ ಇರುತ್ತಾನೆ. “ಇಷ್ಟು ಸಾವಿರ ಕೊಡಿ, ಮೂರು ತಿಂಗಳಲ್ಲಿ ಪ್ರಥಮ ಸ್ಥಾನ ಖಂಡಿತ” ಎಂಬ ಕರೆಗಳು ನಮ್ಮ ಕಚೇರಿಗೇ ಬಂದುದುಂಟು. ಹಿರಿಯರ ಉಳಿತಾಯವನ್ನೋ ಮನೆಯ ಒಡವೆಯನ್ನೋ ಬಂಡವಳವಾಗಿ ಹಾಕಿದ ತರುಣನು ಇಂತಹ ಮಾತಿಗೆ ಮರುಳಾದರೆ ಹಾನಿಯು ಅವನೊಬ್ಬನದಲ್ಲ, ಒಂದು ಸಂಸಾರದ್ದು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಹಣ ಕಡಮೆಯಿರುವ ಉದ್ಯಮಿಯು ಶೋಧಯಂತ್ರದ ಮುಂದೆ ಸ್ಥಾನವನ್ನು ಕೊಳ್ಳಲು ಹೋಗಬಾರದು, ತಾನು ಬಲ್ಲ ವಿಷಯವನ್ನು, ತನ್ನ ಗಿರಾಕಿಯ ಮಾತಿನಲ್ಲಿ, ಸತ್ಯವಾಗಿ ಬರೆದು ಅದನ್ನು ಗಳಿಸತಕ್ಕದ್ದು.

ಇದು ಬರಿಯ ನೀತಿಬೋಧೆಯಲ್ಲ. 1998ರಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯ ಮೂಲತತ್ತ್ವವೇ, ಒಂದು ಪುಟವನ್ನು ಬೇರೆ ಎಷ್ಟು ಪುಟಗಳು, ಎಂತಹ ಪುಟಗಳು, ಕೊಂಡಿಯ ಮೂಲಕ ನಿರ್ದೇಶಿಸುತ್ತವೆಯೆಂಬುದನ್ನು ಮತಗಳಂತೆ ಎಣಿಸುವುದು. ಬಳಿಕ ನೂರಾರು ಸೂಕ್ಷ್ಮಗಳು ಸೇರಿಕೊಂಡಿವೆ. ಪ್ರಥಮ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಿಸಲಾರರೆಂದು ಆ ಸಂಸ್ಥೆಯೇ ಬಹಿರಂಗವಾಗಿ ತಿಳಿಸಿದೆ. ಮಾಡಿದ ಸುಧಾರಣೆಯ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ ಬೇಕೆಂದೂ ಹೇಳಿದೆ. ನಕ್ಷೆಯಲ್ಲಿ ತೋರುವ ಸ್ಥಳೀಯ ಅಂಗಡಿಗಳ ವಿಷಯದಲ್ಲಂತೂ ಹಣ ತೆತ್ತು ಮೇಲಿನ ಸ್ಥಾನ ಪಡೆಯುವ ಮಾರ್ಗವೇ ಇಲ್ಲ. ಕೇಳಿದ ಮಾತಿಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ನೋಡಲಾಗುತ್ತದೆಂದು ಅದರ ಪ್ರಕಟಣೆಯಿದೆ. ಹಣ ತೆತ್ತು ದೊರೆಯುವುದು ಜಾಹೀರಾತಿನ ಸ್ಥಾನ ಮಾತ್ರ. ಹಣ ನಿಂತ ದಿನವೇ ಅದೂ ನಿಲ್ಲುತ್ತದೆ.

ನಮ್ಮ ನಗರದ ದೃಷ್ಟಾಂತವೇ ಇದೆ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಸುಮಾರು 4 ಲಕ್ಷ ರೂಪಾಯಿಗಳ ಬಂಡವಳದಿಂದ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಎಂಬ ಪುಸ್ತಕವ್ಯಾಪಾರವನ್ನು ಆರಂಭಿಸಿದರು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಡುವ ಶಕ್ತಿ ಅವರಿಗಿರಲಿಲ್ಲ. ದಂಡಿನ ಹೆಸರಾಂತ ಗಂಗಾರಾಂ ಪುಸ್ತಕದಂಗಡಿಯ ಹೊರಗೆ ನಿಂತು, ಬಂದುಹೋಗುವವರಿಗೆ ಪುಟಗುರುತಿನ ಚೀಟಿಗಳನ್ನು ಹಂಚಿದರು. ಜೊತೆಗೆ, ಒಂದು ಪುಸ್ತಕದ ಹೆಸರನ್ನು ಶೋಧಿಸಿದವನಿಗೆ ತಮ್ಮ ಪುಟವೇ ಮುಂದೆ ಬರುವಂತೆ ಶ್ರಮಿಸಿದರು. ಒಂದೊಂದು ಪುಸ್ತಕಕ್ಕೂ ಒಂದೊಂದು ಪುಟ, ಸರಿಯಾದ ಹೆಸರು, ಸರಿಯಾದ ಬೆಲೆ. 2018ರಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಇದರ ಸುಮಾರು 77 ಪಾಲನ್ನು, ನೂರಕ್ಕೆ ಎಣಿಸಿದಂತೆ, 1600 ಕೋಟಿ ಡಾಲರುಗಳಿಗೆ ಕೊಂಡ ಸಂಗತಿ ಸರ್ವವಿದಿತ. ಇಷ್ಟೆಲ್ಲ ಬೆಳೆದುದು ಶೋಧಯಂತ್ರದಿಂದಲೇ ಎಂದು ನಾವು ಹೇಳುವುದಿಲ್ಲ. ಮುಂದೆ ಹರಿದುಬಂದ ಬಂಡವಳವು ಅಪಾರ. ಆದರೆ ಹಣವಿಲ್ಲದ ಆ ಮೊದಲ ದಿನಗಳಲ್ಲಿ ಅವರ ನೆರವಿಗೆ ಬಂದುದು ಕಾಲ್ನಡಿಗೆಯೂ ಅಚ್ಚುಕಟ್ಟಾದ ಬರವಣಿಗೆಯೂ ಎಂಬುದನ್ನು ಮರೆಯಬಾರದು.

ಹಾಗಾದರೆ ಇಂದಿನ ಬಡ ಉದ್ಯಮಿ ಮಾಡಬೇಕಾದುದೇನು? ಮೊದಲನೆಯದು, ವಿಶಾಲವಾದ ಮಾತುಗಳನ್ನು ದೊಡ್ಡವರಿಗೆ ಬಿಟ್ಟುಬಿಡುವುದು. “ಬೆಂಗಳೂರಿನಲ್ಲಿ ಪೀಠೋಪಕರಣ” ಎಂದು ಶೋಧಿಸಿದಾಗ ಕೋಟಿ ಕೋಟಿ ವೆಚ್ಚಮಾಡುವ ಸಂಸ್ಥೆಗಳೇ ಮುಂದೆ ನಿಲ್ಲುವುವು. ಆದರೆ “ಹಲಸೂರಿನಲ್ಲಿ ಹಳೆಯ ತೇಗದ ಕುರ್ಚಿಗೆ ಬೆತ್ತ ಹೆಣೆಯುವವರು” ಎಂದು ಕೇಳುವವನು ದಿನಕ್ಕೊಬ್ಬನೇ ಇರಬಹುದು. ಅವನು ಮಾತ್ರ ಕೊಳ್ಳಲೆಂದೇ ಬಂದವನು. ಆ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಒಂದು ಪುಟವಿದ್ದರೆ ಸ್ಪರ್ಧೆಯೇ ಇಲ್ಲ. ಗಿರಾಕಿಗಳು ಬಾಯಿಬಿಟ್ಟು ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಒಂದೊಂದಕ್ಕೂ ಉತ್ತರ ಬರೆದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು, ಊರಿನ ಹೆಸರುಗಳು. ಹಲಸೂರನ್ನು ಒಬ್ಬನು ಅಲಸೂರೆಂದೂ ಇನ್ನೊಬ್ಬನು ಆಂಗ್ಲರ ಉಚ್ಚಾರಣೆಯಂತೆ ಅಲ್ಸೂರೆಂದೂ ಬರೆಯುತ್ತಾನೆ. ಕೃಷ್ಣರಾಜಪುರವು ಕೆ.ಆರ್. ಪುರವೂ ಆಗಿದೆ, ಕೆ.ಆರ್. ಪುರಂ ಕೂಡ ಆಗಿದೆ. ನಗರದ ಹೆಸರನ್ನು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯಬೇಕೆಂದು 2014ರ ನವೆಂಬರ್ 1ರಿಂದ ಜಾರಿಗೆ ಬಂದರೂ ಹಳೆಯ ರೂಪದಿಂದ ಹುಡುಕುವವರು ಇನ್ನೂ ಇದ್ದಾರೆ. ವಿಳಾಸವನ್ನು ಬರೆಯುವಾಗ ಜನರ ಬಾಯಲ್ಲಿರುವ ರೂಪಗಳನ್ನು ಸಹಜವಾಗಿ ಸೇರಿಸಿದರೆ ಯಾರೂ ದಾರಿ ತಪ್ಪರು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹೆಸರು, ವಿಳಾಸ, ವೇಳೆ, ಚಿತ್ರಗಳನ್ನು ದಾಖಲಿಸಲು ಒಂದು ಕಾಸೂ ಬೇಕಿಲ್ಲ. ಜನರು ಯಾವ ಮಾತನ್ನು ಹುಡುಕಿ ತನ್ನ ಪುಟಕ್ಕೆ ಬಂದರೆಂಬುದನ್ನು ತಿಳಿಸುವ ಸರ್ಚ್ ಕನ್ಸೋಲ್ ಕೂಡ ಉಚಿತ. ಪುಟವು ಅಗ್ಗದ ಫೋನಿನಲ್ಲಿಯೂ ಬೇಗ ತೆರೆಯಬೇಕು. ಪ್ರತಿಯೊಂದು ಪುಟಕ್ಕೂ ಅದರ ವಿಷಯವನ್ನು ಹೇಳುವ ಪ್ರತ್ಯೇಕ ಶೀರ್ಷಿಕೆಯಿರಬೇಕು. ಇಷ್ಟಕ್ಕೆ ಬೇಕಾದುದು ಹಣವಲ್ಲ, ತಾಳ್ಮೆ.

ಮೂರನೆಯದು ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದುದು: ಕನ್ನಡ. 2021ರ ಜೂನ್ ತಿಂಗಳ ಪ್ರಸಂಗವನ್ನು ವಾಚಕರು ಮರೆತಿರಲಾರರು. ಭಾರತದ ಅತಿ ಕುರೂಪವಾದ ಭಾಷೆ ಯಾವುದೆಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ನಮ್ಮ ನುಡಿಯ ಹೆಸರನ್ನು ಹೇಳಿತು. ನಾಡೆಲ್ಲ ಕೆರಳಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತೆತ್ತಿದರು; ಸಂಸ್ಥೆಯು ಉತ್ತರವನ್ನು ಅಳಿಸಿ ಕ್ಷಮೆ ಯಾಚಿಸಿತು. ಕೋಪವು ನ್ಯಾಯವಾದುದೇ. ಆದರೆ ಆ ಉತ್ತರವು ಯಂತ್ರದ ಅಭಿಪ್ರಾಯವಾಗಿರಲಿಲ್ಲ. ಭಾಷಾಶಾಸ್ತ್ರದ ಗಂಧವೂ ಇಲ್ಲದ, ಸಾಲದ ವ್ಯವಹಾರದ ಹೆಸರು ಹೊತ್ತ ಯಾವುದೋ ಜಾಲತಾಣವು ಬರೆದಿದ್ದ ಒಂದು ಸಾಲನ್ನು ಯಂತ್ರವು ಎತ್ತಿ ತೋರಿಸಿತು, ಅಷ್ಟೆ. ಯೋಗ್ಯರು ಬರೆಯದೆ ಬಿಟ್ಟ ಜಾಗದಲ್ಲಿ ಅಯೋಗ್ಯನ ಮಾತೇ ಪ್ರಮಾಣವಾಗುತ್ತದೆ. ನಾಡಿಗೆ ಆದುದು ಅಂಗಡಿಗೂ ಆಗುವುದು. ನಿನ್ನ ಉದ್ಯಮವೇನೆಂಬುದನ್ನು ನೀನು ಬರೆಯದಿದ್ದರೆ ಬೇರೊಬ್ಬನು ಬರೆಯುವನು.

ಅಲ್ಲದೆ, ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಗೆ ಉತ್ತರಿಸಲು ಸಾವಿರ ಪುಟಗಳು ಪೈಪೋಟಿ ನಡೆಸುತ್ತಿರುವಾಗ ಅದೇ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸುವ ಪುಟಗಳು ಬೆರಳೆಣಿಕೆಯಷ್ಟು. ಬಡ ಉದ್ಯಮಿಗೆ ಇದಕ್ಕಿಂತ ಅಗ್ಗದ ನಿವೇಶನ ಎಲ್ಲಿ ದೊರೆತೀತು? ಭಾಷಾಭಿಮಾನಕ್ಕೂ ಲಾಭಕ್ಕೂ ಇಲ್ಲಿ ಜಗಳವಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕನ್ನಡದ ಬರವಣಿಗೆಯನ್ನು ಚಿತ್ರವಾಗಿಯೋ ಹಳೆಯ ಅಕ್ಷರಸಂಕೇತಗಳಲ್ಲಿಯೋ ಹಾಕಬಾರದು, ಯೂನಿಕೋಡಿನಲ್ಲಿ ಬರೆದುದನ್ನೇ ಯಂತ್ರವು ಸರಿಯಾಗಿ ಓದಬಲ್ಲದು. ಈ ಮಾತು ಅಧಿಕಾರಿವರ್ಗಕ್ಕೂ ಸಲ್ಲುತ್ತದೆ. ಸ್ಟಾರ್ಟಪ್‌ಗಳಿಗಾಗಿ ಸರ್ಕಾರವು 2015ರಲ್ಲಿಯೇ ನೀತಿಯನ್ನು ಪ್ರಕಟಿಸಿತು. 2017ರಲ್ಲಿ ಆರಂಭವಾದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಹಾಯಧನವುಂಟು. ಆದರೆ ಸುತ್ತೋಲೆಯನ್ನು ಛಾಯಾಚಿತ್ರ ತೆಗೆದು ಜಾಲಕ್ಕೇರಿಸಿದರೆ ಅದು ಯಾವ ಬಡ ತರುಣನ ಶೋಧಕ್ಕೆ ಸಿಕ್ಕೀತು? ಆ ಸುತ್ತೋಲೆಯನ್ನು ಹೊರಡಿಸಿದ್ದೂ ಒಂದೇ, ಬೀರುವಿನಲ್ಲಿಟ್ಟಿದ್ದೂ ಒಂದೇ.

ಅಡ್ಡದಾರಿಗಳ ವಿಷಯ ಎರಡು ಮಾತು. ಕೊಂಡಿಗಳನ್ನು ಕೊಳ್ಳುವುದು, ಕೂಲಿಗೆ ಹೊಗಳಿಕೆ ಬರೆಯಿಸುವುದು, ಯಂತ್ರದಿಂದ ರಾಶಿರಾಶಿ ಹುರುಳಿಲ್ಲದ ಪುಟಗಳನ್ನು ಹೆಣೆಸುವುದು: ಇವೆಲ್ಲ ಕೆಲವು ದಿನ ನಡೆದಾವು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯಿಂದ ಕೊಂಡಿಯ ವ್ಯಾಪಾರಿಗಳು ನೆಲಕಚ್ಚಿದರು. 2024ರ ಮಾರ್ಚ್‌ನಲ್ಲಿ ರಾಶಿಬರವಣಿಗೆಯ ವಿರುದ್ಧವೂ ನಿಯಮ ಬಂದಿತು. ಸುಳ್ಳು ವಿಮರ್ಶೆಗಳನ್ನು ತಡೆಯಲು ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಮಾನದಂಡವನ್ನೇ ಪ್ರಕಟಿಸಿದೆ. ದೊಡ್ಡ ಸಂಸ್ಥೆಯು ಇಂತಹ ಪೆಟ್ಟನ್ನು ತಾಳಬಲ್ಲದು. ಸಣ್ಣವನು ಒಂದೇ ಪೆಟ್ಟಿಗೆ ಅಳಿಯುವನು.

ಯಂತ್ರವೇ ಪಕ್ಷಪಾತಿಯಾದರೆ ನಮ್ಮ ಸತ್ಯದಿಂದ ಫಲವೇನು ಎಂದು ಕೇಳುವವರುಂಟು. ಪ್ರಶ್ನೆಯು ಸಾಧುವಾದುದು. ಶೋಧದಲ್ಲಿ ಪಕ್ಷಪಾತ ತೋರಿತೆಂದು ಭಾರತೀಯ ಸ್ಪರ್ಧಾ ಆಯೋಗವು 2018ರಲ್ಲಿ ಗೂಗಲ್ ಸಂಸ್ಥೆಗೆ 135.86 ಕೋಟಿ ರೂಪಾಯಿಗಳ ದಂಡ ವಿಧಿಸಿತು. 2024ರಿಂದ ಯಂತ್ರವು ಅನೇಕ ಪ್ರಶ್ನೆಗಳಿಗೆ ಪುಟಗಳ ಸಾರವನ್ನು ತಾನೇ ಹೇಳಿಬಿಡುತ್ತಿದೆ. ಓದುಗನು ಮೂಲಪುಟಕ್ಕೆ ಬಾರದೆ ಹೋಗುವ ಅಪಾಯವೂ ಇದೆ. ಸಂಸ್ಥೆಯು 2025ರಲ್ಲಿ ಮಹದೇವಪುರದಲ್ಲಿ, ಕೃಷ್ಣರಾಜಪುರದ ನೆರೆಯಲ್ಲಿಯೇ, “ಅನಂತ” ಎಂಬ ವಿಶಾಲ ಕಚೇರಿಯನ್ನು ತೆರೆದಿದೆ. ನಮ್ಮ ನೆಲದಲ್ಲಿ ನೆಲಸಿದವರನ್ನು ನಮ್ಮ ಸಣ್ಣ ವರ್ತಕರ ಪರವಾಗಿ ಪ್ರಶ್ನಿಸುವುದು ಸರ್ಕಾರದ ಕರ್ತವ್ಯ. ಆ ಕರ್ತವ್ಯ ನೆರವೇರುವವರೆಗೆ ಕೈಕಟ್ಟಿ ಕೂರುವುದು ಮಾತ್ರ ವಿವೇಕವಲ್ಲ.

ಒಂದೇ ಯಂತ್ರವನ್ನು ನಚ್ಚದೆ, ಬಂದ ಗಿರಾಕಿಯ ಹೆಸರು ವಿಳಾಸಗಳನ್ನು ಅವನ ಅನುಮತಿಯಿಂದ ತಾನೇ ಬರೆದಿಟ್ಟುಕೊಳ್ಳಲಿ; ಅವನು ಮತ್ತೆ ಬರುವಂತೆ ನಡೆದುಕೊಳ್ಳಲಿ. ವಾರಕ್ಕೊಂದು ಪುಟ, ಸತ್ಯವಾದ ಪುಟ, ಕನ್ನಡದಲ್ಲಿಯೂ ಒಂದು ಪುಟ. ವರ್ಷಕ್ಕೆ ಐವತ್ತೆರಡು ಆಗುವುವು. ದಳ್ಳಾಳಿಯ ಮೂರು ತಿಂಗಳ ಮಾತಿಗಿಂತ ಈ ಒಂದು ವರ್ಷದ ದುಡಿಮೆಯು ಅಗ್ಗವಾದುದು, ಬಾಳಿಕೆಯುಳ್ಳದ್ದು ಎಂದು ನಾವು ನಂಬುತ್ತೇವೆ. ತರುಣರು ಇಂದೇ ಮೊದಲ ಪುಟವನ್ನು ಬರೆಯಲಿ.