ಕಚೇರಿಯ ಬಾಗಿಲಲ್ಲಿ ‘ನಾಳೆ ಬಾ’

ಮಾರಿಯು ಮನೆಯನ್ನು ಹೊಗದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆ ನಮ್ಮ ಊರುಗಳಲ್ಲಿ ಇದ್ದಿತು. ಮಾರಿಯು ಅದನ್ನೋದಿ ಹಿಂದಿರುಗುವಳು. ಮರುದಿನ ಬಂದರೂ ಅದೇ ಅಕ್ಷರಗಳು. ನಮ್ಮ ಸರಕಾರಿ ಕಚೇರಿಗಳು ಈ ಮಂತ್ರವನ್ನು ಚೆನ್ನಾಗಿ ಕಲಿತಿರುವವು. ಆದರೆ ಅಲ್ಲಿ ಮಾರಿಯ ಸ್ಥಾನದಲ್ಲಿ ನಿಲ್ಲುವವನು ಕಂದಾಯ ಕೊಡುವ ಪ್ರಜೆ.

ಲಂಚದ ವಿಷಯ ಬಂದೊಡನೆ ಎಲ್ಲರೂ ಹಣದ ಮಾತೆತ್ತುವರು. ನನ್ನ ಅಭಿಪ್ರಾಯದಲ್ಲಿ ಅದರ ಮೂಲವು ನಾಲಗೆಯಲ್ಲಿರುವದು. ತಂದೆಯ ವಯಸ್ಸಿನ ರೈತನು ಅರ್ಜಿ ಹಿಡಿದು ಬಂದರೆ ‘ಏನೋ ನಿಂದು?’ ಎಂಬ ಗದರಿಕೆ. ಎರಡನೆಯ ಸಲ ‘ಸಾಹೇಬರಿಲ್ಲ’, ಮೂರನೆಯ ಸಲ ‘ಇನ್ನೊಂದು ಕಾಗದ ಬೇಕು’. ನಾಲ್ಕನೆಯ ಸಲ ಅವನು ಒಳಗೆ ಹೋಗುವ ಮೊದಲೇ ಹೊರಗಿನ ಬೇವಿನ ಮರದ ಕೆಳಗಿನಿಂದ ದಲ್ಲಾಳಿಯು ‘ಬರ್ರಿ ಯಜಮಾನರ’ ಎಂದು ಕರೆಯುವನು. ಮೂರು ದಿವಸಗಳಲ್ಲಿ ಅವನಿಗೆ ದೊರೆತ ಮೊದಲನೆಯ ಬಹುವಚನವದು! ಅದಕ್ಕೆ ಅವನು ಬೆಲೆ ಕೊಡುವನು. ಒಳಗಿನ ಗದರಿಕೆ ಇಲ್ಲದಿದ್ದರೆ ಹೊರಗಿನ ದಲ್ಲಾಳಿಗೆ ವ್ಯಾಪಾರವೆಲ್ಲಿಯದು?

ಖಾಲಿ ಹುದ್ದೆಗಳ ಹೊರೆಯನ್ನು ಹೊತ್ತು ನ್ಯಾಯವಾಗಿ ದುಡಿಯುವ ಗುಮಾಸ್ತರೂ ಇರುವರು. ಅವರಿಗೆ ನನ್ನ ನಮಸ್ಕಾರ. ಆದರೆ ಕೆಲಸ ಹೆಚ್ಚಾದುದರಿಂದ ಏಕವಚನ ಬಂತೆಂದು ಯಾರೂ ಹೇಳಲಾರರು. ಅದೇ ಗುಮಾಸ್ತನು ಶಾಸಕರ ಚೀಟಿ ತಂದವನಿಗೆ ಕುರ್ಚಿ ಕೊಡುವದನ್ನು ನಾವೆಲ್ಲರೂ ನೋಡಿದ್ದೇವೆ.

ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ 1ರಂದು ಒಂದಾಯಿತು. ಧಾರವಾಡದ ಮಾಮಲೇದಾರರೂ ಮೈಸೂರಿನ ಅಮಲ್ದಾರರೂ ತಹಶೀಲ್ದಾರರೆನಿಸಿದರು. 1963ರಲ್ಲಿ ರಾಜ್ಯಭಾಷೆಯ ಕಾಯದೆಯಾಯಿತು. ಏಕೀಕರಣಕ್ಕಾಗಿ ಹೋರಾಡಿದ ಹಿರಿಯರಿಗೆ ಕಚೇರಿಯಲ್ಲಿ ಕನ್ನಡಿಗನು ಪರಕೀಯನಂತೆ ನಿಲ್ಲಬಾರದೆಂಬ ಆಶೆಯಿತ್ತು. ಕಾಗದದ ಭಾಷೆಯೇನೋ ಕನ್ನಡವಾಯಿತು. ಆದರೆ ಒಡೆಯನು ಆಳಿಗೆ ಆಡುವ ಕನ್ನಡವು ಕಚೇರಿಯಲ್ಲಿ ನೆಲೆಸಿತು. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವದಷ್ಟೆ! ಪೂಜಾರಿಯು ದಕ್ಷಿಣೆಯಿಲ್ಲದೆ ಬಾಗಿಲು ತೆರೆಯನೆಂಬುದು ಕೆಳಗೆ ನಿಂತವರ ಅನುಭವ.

ಕಾಯದೆಗಳಿಲ್ಲವೆಂದಲ್ಲ. 2011ರ ‘ಸಕಾಲ’ ಕಾಯದೆಯನ್ನು 2012ರಲ್ಲಿ ಮೊದಲು ಪರೀಕ್ಷಿಸಿ ನೋಡಿದುದು ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ಎಂಬ ನಾಲ್ಕು ತಾಲೂಕುಗಳಲ್ಲಿ. ಒಂದು ನಿಜಾಮರ ಸೀಮೆ, ಒಂದು ಮುಂಬಯಿಯದು, ಒಂದು ಮೈಸೂರಿನದು, ಒಂದು ಮದರಾಸಿನದು. ಅಂದರೆ ನಾಲ್ಕು ಹಳೆಯ ಆಡಳಿತಗಳ ಮಕ್ಕಳಿಗೂ ಒಂದೇ ಔಷಧ! ಗೊತ್ತಾದ ದಿನಗಳೊಳಗೆ ಕೆಲಸ ಮಾಡದ ಅಧಿಕಾರಿಯು ದಿನವೊಂದಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ ತೆರಬೇಕು. ಒಟ್ಟು 500 ರೂಪಾಯಿಗಳನ್ನು ಅದು ಮೀರತಕ್ಕುದಲ್ಲ. ವಾಚಕರು ಲೆಕ್ಕ ಹಾಕಿ ನೋಡಲಿ. 25 ದಿನಗಳಿಗೆ ಹಣ ಮುಗಿಯಿತು. 26ನೆಯ ದಿನದಿಂದ ವಿಳಂಬಕ್ಕೆ ಪರಿಹಾರದ ಭಯವಿಲ್ಲ. ಈ ಮಿತಿಯನ್ನು ಶಾಸನಸಭೆಯು ತೆಗೆದುಹಾಕಬೇಕು.

ಆದರೂ ದೊಡ್ಡ ತೂತು ಬೇರೆಡೆಗಿರುವದು. ಸಕಾಲದ ದಿನಗಣನೆಯು ಅರ್ಜಿ ಸ್ವೀಕರಿಸಿ ಸಂಖ್ಯೆಯುಳ್ಳ ಚೀಟಿಯನ್ನು ಕೊಟ್ಟ ಮೇಲೆ ನಡೆಯತಕ್ಕುದು. ಗದರಿಸಿ ಕಳಿಸಿದವನಿಗೆ ಚೀಟಿಯೆಲ್ಲಿಯದು? ಚೀಟಿಯಿಲ್ಲದವನಿಗೆ ವಿಳಂಬವೆಲ್ಲಿಯದು? ಹೀಗೆ ಒಂದು ಒರಟು ಮಾತು ಇಡೀ ಕಾಯದೆಯನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸುವದು. ಗಣಕಯಂತ್ರದ ಮೂಲಕ ಅರ್ಜಿ ಕಳಿಸಬಹುದೆಂಬ ಉತ್ತರ ಬಂದೀತು. ಅಕ್ಷರ ಬಾರದವನು ಅದಕ್ಕೂ ಮತ್ತೊಬ್ಬ ದಲ್ಲಾಳಿಯ ಬಳಿಗೇ ಹೋಗುವನು.

ವಾರಸಾ ಖಾತೆಯ ಸಂಗತಿಯನ್ನು ನೋಡಿರಿ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಅರ್ಜಿಯನ್ನು ಬರೆಯಿಸಿ ತಾ, ಮುದ್ರೆ ಹಾಕಿಸಿ ತಾ ಎಂದು ಅಲೆದಾಡಿಸುವರು. 1964ರ ಭೂಕಂದಾಯ ಕಾಯದೆಯ 128ನೆಯ ಕಲಮು ಹೇಳುವದೇ ಬೇರೆ. ಹಕ್ಕು ಬಂದವರು ಮೂರು ತಿಂಗಳೊಳಗೆ ಬಾಯಿಮಾತಿನಿಂದಾಗಲಿ ಬರಹದಿಂದಾಗಲಿ ವರದಿ ಮಾಡಬೇಕು. ಗ್ರಾಮದ ಅಧಿಕಾರಿಯು ಕೂಡಲೇ ಲಿಖಿತ ಸ್ವೀಕೃತಿಯನ್ನು ಕೊಡಬೇಕು. ಬಾಯಿಮಾತು ಸಾಕು, ಚೀಟಿ ಕಡ್ಡಾಯ! ಇಂಥ ಕಲಮು ಪುಸ್ತಕದಲ್ಲಿರುವಾಗ ಆ ತಾಯಿ ಚಾವಡಿಯ ಮೆಟ್ಟಿಲ ಮೇಲೆ ಏಕೆ ಕೂತಿರಬೇಕು?

ಲಂಚ ಕೊಡುವವರೂ ಒಂದು ಮಾತನ್ನು ತಿಳಿದಿರಬೇಕು. 2018ರ ತಿದ್ದುಪಡಿಯಾದಂದಿನಿಂದ ಕೊಡುವದೂ ಅಪರಾಧ. ಬಲವಂತಕ್ಕೆ ಸಿಕ್ಕು ಕೊಟ್ಟವನು ಏಳು ದಿನಗಳೊಳಗೆ ಪೋಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆಯುಂಟು. ಎಂಟನೆಯ ದಿನ ನಮ್ಮ ಬಳಿಗೆ ಬಂದು ಅಳುವವರೇ ಹೆಚ್ಚು.

ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹವಿರುವದು. ವಾರಕ್ಕೊಂದು ಸಂಜೆ ಶಾಲೆಯ ಪಡಸಾಲೆಯಲ್ಲಿ ಕುಳಿತು ಊರವರ ಅರ್ಜಿಗಳನ್ನು ಬರೆದುಕೊಡಿರಿ; ಪ್ರತಿಯೊಂದಕ್ಕೂ ಒಂದು ನಕಲನ್ನಿಡಿರಿ; ಚೀಟಿಯಿಲ್ಲದೆ ಕಚೇರಿಯಿಂದ ಹಿಂದಿರುಗಬೇಡಿರೆಂದು ಹೇಳಿಕೊಡಿರಿ. ಚೀಟಿ ಕೊಡಲೊಲ್ಲದವರಿಗೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಅಂಚೆಯ ರಸೀದಿಯಾದರೂ ಕೈಯಲ್ಲಿರುವದು. ನಮ್ಮೂರ ವಕೀಲರನ್ನು ಆ ಪಡಸಾಲೆಗೆ ಕರೆತರುವ ಹೊಣೆ ನನ್ನದು.