ಉಗುರಿನ ಹೊಳಪಿಗೆ ಕಾವಲು ಯಾರದು?

2025ರ ಸೆಪ್ಟೆಂಬರ್ ತಿಂಗಳಲ್ಲಿ ಮೂರು ವಾರಗಳ ಅಂತರದಲ್ಲಿ ಎರಡು ಆದೇಶಗಳು ಜಾರಿಗೆ ಬಂದವು. ಜೆಲ್ ಉಗುರುಬಣ್ಣದಲ್ಲಿ ಬಳಕೆಯಲ್ಲಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟವು ಸೆಪ್ಟೆಂಬರ್ 1ರಿಂದ ಎಲ್ಲ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಸೆಪ್ಟೆಂಬರ್ 22ರಿಂದ ಭಾರತದಲ್ಲಿ ಬ್ಯೂಟಿ ಪಾರ್ಲರ್ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅಲ್ಲಿನ ಚಿಂತೆ ಸೀಸೆಯೊಳಗೆ ಏನಿದೆ ಎಂಬುದು. ಇಲ್ಲಿನ ಚಿಂತೆ ಸೇವೆ ಎಷ್ಟು ಅಗ್ಗವಾಗಬೇಕು ಎಂಬುದು.

ಕೋಲಾರ ತಾಲ್ಲೂಕಿನ ಹೋಳೂರಿನಂಥ ಹೋಬಳಿ ಕೇಂದ್ರದ ಮಟ್ಟಿಗೆ ಈ ಎರಡೂ ಆದೇಶಗಳು ದೂರದ ಸುದ್ದಿಗಳೇ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವಾ ಉದ್ಯಮಕ್ಕೆ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ಒಂದೇ ಕೋಣೆಯ, ಒಬ್ಬಳೇ ನಡೆಸುವ ಪಾರ್ಲರಿಗೆ ತೆರಿಗೆ ಇಳಿದರೇನು, ಏರಿದರೇನು? ಯುರೋಪಿನ ನಿಷೇಧವಂತೂ ನಮ್ಮ ಕಾನೂನಲ್ಲ. ಆದರೆ ಜೆಲ್ ಪಾಲಿಶ್ ಮಾತ್ರ ಈ ಎಲ್ಲ ಗಡಿಗಳನ್ನು ದಾಟಿ ಬಂದಿದೆ. ಬೆಂಗಳೂರಿನ ಮಾಲ್‌ಗಳಿಗೆ ಸೀಮಿತವಾಗಿದ್ದ ಈ ಅಲಂಕಾರ ಇಂದು ಮದುವೆಯ ಸಿದ್ಧತೆಯ ಪಟ್ಟಿಯಲ್ಲಿ ಸೇರಿಕೊಂಡಿದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಕೆಲಸಕ್ಕೆ ಹೋಗಿಬರುವ ಯುವತಿಯರ ಕೈಯಲ್ಲಿ ತಮ್ಮದೇ ಆದ ಸಂಬಳವಿದೆ, ಅದನ್ನು ತಮ್ಮ ಇಷ್ಟದಂತೆ ಖರ್ಚು ಮಾಡುವ ಹಕ್ಕೂ ಅವರಿಗಿದೆ. ಅದನ್ನು ಶೋಕಿ ಎಂದು ಮೂಗು ಮುರಿಯುವುದು ಈ ಬರಹದ ಉದ್ದೇಶವಲ್ಲ. ಆ ಹೊಳಪಿನ ಅಡಿಯಲ್ಲಿರುವ ಸಹಜ ಉಗುರು ಮತ್ತು ಅದನ್ನು ಹಚ್ಚುವ ಕೈ, ಇವೆರಡರ ಕ್ಷೇಮವನ್ನು ನೋಡುವವರು ಯಾರು ಎಂಬುದಷ್ಟೇ ಪ್ರಶ್ನೆ.

ಸಾಧಾರಣ ಉಗುರುಬಣ್ಣ ಗಾಳಿಗೆ ಒಣಗುತ್ತದೆ. ಜೆಲ್ ಹಾಗಲ್ಲ. ದೀಪದ ನೇರಳಾತೀತ ಕಿರಣ ಬಿದ್ದಾಗ ಅದರೊಳಗಿನ ಅಕ್ರಿಲೇಟ್ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪದರವಾಗುತ್ತವೆ. ಈ ಬೆಸುಗೆಗೆ ಚಾಲನೆ ಕೊಡುವ ವಸ್ತುಗಳಲ್ಲಿ ಟಿಪಿಒ ಒಂದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಸಂತಾನಶಕ್ತಿಗೆ ಹಾನಿ ಮಾಡಿದ್ದು ಕಂಡುಬಂದ ಕಾರಣ ಯುರೋಪ್ ಅದನ್ನು ಅಪಾಯಕಾರಿ ವರ್ಗಕ್ಕೆ ಸೇರಿಸಿತು. ಪ್ರಯೋಗದ ಪ್ರಾಣಿಗಳಿಗೆ ಕೊಟ್ಟದ್ದು ಹೊಟ್ಟೆಗೆ, ಅದೂ ದೊಡ್ಡ ಪ್ರಮಾಣದಲ್ಲಿ. ಉಗುರಿನ ಮೇಲೆ ಗಟ್ಟಿಯಾಗಿ ಕೂತ ಪದರದಿಂದ ಮನುಷ್ಯರಿಗೆ ಅದೇ ಹಾನಿಯಾಗುತ್ತದೆಂದು ಸಿದ್ಧವಾಗಿಲ್ಲ. ಆದ್ದರಿಂದ ಒಮ್ಮೆ ಜೆಲ್ ಹಚ್ಚಿಸಿಕೊಂಡವರು ಗಾಬರಿಯಾಗಬೇಕಿಲ್ಲ.

ಗಾಬರಿಯಾಗಬೇಕಾದ ಸಂಗತಿ ಬೇರೆಯೇ ಇದೆ, ಮತ್ತು ಅದರ ಬಗ್ಗೆ ಇಷ್ಟೊಂದು ಸದ್ದಾಗಿಲ್ಲ. ಅದು ಅಲರ್ಜಿ. ಗಟ್ಟಿಯಾಗದ ಜೆಲ್ ಉಗುರಿನಿಂದ ಜಾರಿ ಪಕ್ಕದ ಚರ್ಮಕ್ಕೆ ತಗಲಿದರೆ ದೇಹ ಅದನ್ನು ಶತ್ರುವೆಂದು ಗುರುತಿಸಲು ಕಲಿಯಬಹುದು. ಹೆಮಾ ಎಂದು ಕರೆಯಲಾಗುವ ಮೆಥಾಕ್ರಿಲೇಟ್ ಇದರಲ್ಲಿ ಮುಖ್ಯ ಆರೋಪಿ. ಬ್ರಿಟನ್ನಿನ ಚರ್ಮರೋಗ ತಜ್ಞರ ಸಂಘವು 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅಲ್ಲಿನ ಚಿಕಿತ್ಸಾಲಯಗಳಲ್ಲಿ ಅಲರ್ಜಿ ಪರೀಕ್ಷೆಗೆ ಒಳಗಾದವರಲ್ಲಿ ಶೇ 2.4ರಷ್ಟು ಮಂದಿಗೆ ಈ ಗುಂಪಿನ ಯಾವುದಾದರೊಂದು ರಾಸಾಯನಿಕ ಒಗ್ಗುತ್ತಿರಲಿಲ್ಲ. 2020ರಲ್ಲಿ ಯುರೋಪಿಯನ್ ಒಕ್ಕೂಟವು ಹೆಮಾ ಇರುವ ಉಗುರು ಸಾಮಗ್ರಿಯನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ದೀಪ, ಸೀಸೆ, ಬ್ರಷ್ಷು ಎಲ್ಲವೂ ಒಂದೇ ಪೊಟ್ಟಣದಲ್ಲಿ ಆನ್‌ಲೈನ್‌ನಲ್ಲಿ ಯಾರ ಮನೆಗಾದರೂ ಬಂದಿಳಿಯುತ್ತದೆ. ಅಗ್ಗದ ದೀಪದ ಶಕ್ತಿ ಸಾಲದೆ ಹೋದರೆ ಜೆಲ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಅಪಾಯ ಹೆಚ್ಚುವುದು ಆಗಲೇ.

ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿಗೆ ತುಂಬುವ ಬಿಳಿ ಸಿಮೆಂಟು, ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸಿಮೆಂಟು, ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸಂವೇದಕದ ಅಂಟು, ಎಲ್ಲದರಲ್ಲೂ ಇದೇ ಕುಟುಂಬದ ರಾಸಾಯನಿಕಗಳಿರುತ್ತವೆ. ಇಪ್ಪತ್ತನೆಯ ವಯಸ್ಸಿನಲ್ಲಿ ಬೆರಳ ತುದಿಯಲ್ಲಿ ಕಂಡ ತುರಿಕೆ ಅರವತ್ತರಲ್ಲಿ ಮಂಡಿಚಿಪ್ಪು ಬದಲಿಸುವಾಗ ವೈದ್ಯರಿಗೆ ಹೇಳಬೇಕಾದ ವಿಷಯವಾಗುತ್ತದೆ.

ಗ್ರಾಹಕಳು ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ. ಪಾರ್ಲರಿನ ಹುಡುಗಿ ದಿನವಿಡೀ ಅದನ್ನೇ ಮುಟ್ಟುತ್ತಾಳೆ. ಬೆರಳಿನಿಂದಲೇ ಅಂಚು ಒರೆಸುತ್ತಾಳೆ, ಉಜ್ಜಿದ ಧೂಳನ್ನು ಉಸಿರಾಡುತ್ತಾಳೆ. ತೆಳು ಲ್ಯಾಟೆಕ್ಸ್ ಕೈಗವಸನ್ನು ಈ ಅಣುಗಳು ಕೆಲವೇ ನಿಮಿಷಗಳಲ್ಲಿ ದಾಟಬಲ್ಲವು. ನೈಟ್ರೈಲ್ ಗವಸು ಮೇಲು, ಆದರೆ ಅದನ್ನೂ ಆಗಾಗ ಬದಲಿಸಬೇಕು. ಬೆರಳ ತುದಿಯ ಚರ್ಮ ಸುಲಿದು ಬಿರುಕು ಬಿಟ್ಟರೆ ನೋವೊಂದೇ ತೊಂದರೆಯಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಬೆರಳಚ್ಚನ್ನು ಒಪ್ಪದೆ ಹೋದೀತು. ಸ್ವಂತ ದುಡಿಮೆಗೆಂದು ಕಸುಬು ಕಲಿತವಳು ಆ ಕಸುಬನ್ನೇ ಬಿಡಬೇಕಾದೀತು. ಜೆಲ್ ಕುರಿತ ಚರ್ಚೆಯಲ್ಲಿ ಅತ್ಯಂತ ಕಡಿಮೆ ಕೇಳಿಸುವ ದನಿ ಇವಳದು.

ಇನ್ನು ಸಹಜ ಉಗುರಿನ ವಿಚಾರ. ಜೆಲ್ ಉಗುರನ್ನು ಹಾಳು ಮಾಡುತ್ತದೆ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಹೆಚ್ಚಿನ ಹಾನಿ ಆಗುವುದು ಹಚ್ಚುವಾಗಲ್ಲ, ತೆಗೆಯುವಾಗ. ಹದಿನೈದು ದಿನ ಕಳೆದು ಅಂಚು ಎದ್ದಾಗ ಅದನ್ನು ಕೀಳುವ ಆಸೆ ಯಾರಿಗೂ ತಡೆಯಲಾಗದು. ಬಣ್ಣದೊಂದಿಗೆ ಉಗುರಿನ ಮೇಲ್ಪದರಗಳೂ ಕಿತ್ತುಬರುತ್ತವೆ. ಆಸಿಟೋನಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲಷ್ಟೇ ಇಟ್ಟು, ಹತ್ತು ಹದಿನೈದು ನಿಮಿಷ ಕಾದು, ಸಡಿಲವಾದ ಮೇಲೆ ಮೆಲ್ಲಗೆ ಒರೆಸುವುದೇ ಸರಿಯಾದ ಕ್ರಮ. ಇಡೀ ಬೆರಳನ್ನು ಬಟ್ಟಲಿನಲ್ಲಿ ಮುಳುಗಿಸಿದರೆ ಚರ್ಮ ಒಣಗಿ ಬಿರಿಯುತ್ತದೆ. ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಅನಂತರ ಹಚ್ಚಿದರೆ ಸಾಕು, ದುಬಾರಿ ಸೀರಮ್ಮು ಬೇಕಿಲ್ಲ. ಉಗುರಿನ ಬುಡದ ಪೊರೆಯನ್ನು ಕತ್ತರಿಸಲು ಬಿಡಬಾರದು. ಉಗುರಿನ ಬೇರಿಗೆ ಸೋಂಕು ಇಳಿಯದಂತೆ ತಡೆಯುವ ಬಾಗಿಲು ಅದೇ.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹಾಳಾದ ಉಗುರು ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಒಂದರ ಮೇಲೊಂದು ಜೆಲ್ ಹಚ್ಚುತ್ತ ಹೋದರೆ ಅಡಿಯಲ್ಲಿ ಏನಾಗಿದೆ ಎಂಬುದು ಕಾಣಿಸುವುದೇ ಇಲ್ಲ. ನಮ್ಮ ಅಜ್ಜಿಯರ ಗೋರಂಟಿಗೆ ಈ ತಾಪತ್ರಯವಿರಲಿಲ್ಲ. ಹಚ್ಚುವುದಷ್ಟೇ ಕೆಲಸ, ತೆಗೆಯುವ ಕೆಲಸವನ್ನು ಉಗುರೇ ಬೆಳೆದು ಮಾಡುತ್ತಿತ್ತು.

ನಮ್ಮ ಸೀಮೆಯಲ್ಲಿ ಇನ್ನೊಂದು ಅಂಶವನ್ನು ಮರೆಯುವಂತಿಲ್ಲ. ಕೋಲಾರದ ಹೆಣ್ಣುಮಕ್ಕಳ ಕೈ ಮ್ಯಾನಿಕ್ಯೂರ್ ಮುಗಿಸಿ ಮಡಿಲಲ್ಲಿ ಕೂರುವ ಕೈಯಲ್ಲ. ಹಾಲು ಕರೆಯುವುದು, ಟೊಮೆಟೊ ಬಿಡಿಸುವುದು, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಪಾತ್ರೆ ಬಟ್ಟೆ ಎಲ್ಲವೂ ಅದೇ ಕೈಯಲ್ಲಿ. ಎದ್ದ ಜೆಲ್ ಪದರದ ಸಂದಿಗೆ ನೀರು ಸೇರಿ ದಿನಗಟ್ಟಲೆ ನಿಂತರೆ ಉಗುರು ತನ್ನ ತಳದಿಂದ ಬಿಡಿಸಿಕೊಳ್ಳುತ್ತದೆ, ಹಸಿರು ಕಲೆ ಬರುತ್ತದೆ, ಉಗುರುಸುತ್ತು ಕಾಡುತ್ತದೆ. ಎದ್ದ ಕೂಡಲೇ ಸರಿಯಾಗಿ ತೆಗೆಸುವುದು, ನೀರಿನ ಕೆಲಸಕ್ಕೆ ರಬ್ಬರ್ ಗವಸು ಹಾಕುವುದು ಇಲ್ಲಿ ಹೆಚ್ಚು ಅಗತ್ಯ. ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಮುನ್ನ ಜೆಲ್ ತೆಗೆಸಿರಬೇಕು. ರಕ್ತಹೀನತೆಯ ಬಿಳಿಚನ್ನು, ಉಸಿರು ಸಾಲದ ನೀಲಿಯನ್ನು ವೈದ್ಯರು ಉಗುರಿನಲ್ಲೂ ನೋಡುತ್ತಾರೆ. ಗಾಢ ಬಣ್ಣವು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಯನ್ನೂ ತಪ್ಪಿಸಬಹುದು. ತುರ್ತು ವೇಳೆಯಲ್ಲಿ ಹದಿನೈದು ನಿಮಿಷ ಆಸಿಟೋನು ಹಿಡಿದು ಕೂರುವವರು ಯಾರು?

ದೀಪದ ಬಗ್ಗೆಯೂ ಒಂದು ಮಾತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು ಪ್ರಯೋಗಾಲಯದ ಜೀವಕೋಶಗಳ ಮೇಲೆ ಈ ದೀಪವನ್ನು 20 ನಿಮಿಷ ಬೆಳಗಿಸಿದಾಗ ಶೇ 20ರಿಂದ 30ರಷ್ಟು ಕೋಶಗಳು ಸತ್ತವೆಂದು ಪ್ರಕಟಿಸಿದರು. ಬಟ್ಟಲಿನಲ್ಲಿರುವ ಕೋಶಕ್ಕೆ ಚರ್ಮದ ಹೊರಪದರದ ರಕ್ಷಣೆ ಇಲ್ಲ, ಆದ್ದರಿಂದ ಇದನ್ನು ಕ್ಯಾನ್ಸರಿನ ಪುರಾವೆ ಎನ್ನಲಾಗದು. ಬೆರಳ ತುದಿ ಮಾತ್ರ ಕಾಣುವ ಗವಸು ತೊಟ್ಟರೆ ಈ ಅಂಜಿಕೆ ಬಹುಪಾಲು ನೀಗುತ್ತದೆ.

ಕಾನೂನು ಇಲ್ಲವೆಂದಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರಿಗೆ ಪರವಾನಗಿ, ಆಮದಿಗೆ ನೋಂದಣಿ, ಸೀಸೆಯ ಮೇಲೆ ಘಟಕಗಳ ಪಟ್ಟಿ ಇರಲೇಬೇಕು. ಆದರೆ ಮಾರುವವನಿಗೆ ಪರವಾನಗಿ ಬೇಕಿಲ್ಲ, ಹಚ್ಚುವವಳಿಗೆ ತರಬೇತಿ ಕಡ್ಡಾಯವಿಲ್ಲ. ಸೌಂದರ್ಯ ಕ್ಷೇತ್ರದ ಕೌಶಲ ಮಂಡಳಿಯಲ್ಲಿ ಉಗುರು ತಂತ್ರಜ್ಞರ ಪಠ್ಯಕ್ರಮವೇನೋ ಇದೆ. ಅದನ್ನು ಓದದೆಯೂ ಅಂಗಡಿ ತೆರೆಯಬಹುದು. ಪಾರ್ಲರಿನ ಉದ್ದಿಮೆ ಪರವಾನಗಿ ಕೊಡುವುದು ನಗರಸಭೆ ಅಥವಾ ಗ್ರಾಮ ಪಂಚಾಯಿತಿ. ಆ ಪರವಾನಗಿ ನವೀಕರಿಸುವಾಗ ನಾಲ್ಕು ವಿಷಯ ಕೇಳಿದರೆ ಬೊಕ್ಕಸಕ್ಕೆ ಹೆಚ್ಚಿನ ಹೊರೆಯಾಗದು: ಸೀಸೆಯ ಮೇಲೆ ಘಟಕಗಳ ಪಟ್ಟಿ ಇದೆಯೇ, ಆಮದಾದ ಸರಕಿಗೆ ನೋಂದಣಿ ಸಂಖ್ಯೆ ಇದೆಯೇ, ನೈಟ್ರೈಲ್ ಗವಸು ಇದೆಯೇ, ಕೋಣೆಗೆ ಗಾಳಿ ಬರುವ ಕಿಟಕಿ ಇದೆಯೇ. ಇದೇ ಪ್ರಶ್ನೆಗಳನ್ನು ಕುರ್ಚಿಯಲ್ಲಿ ಕೂರುವ ಮುನ್ನ ಗ್ರಾಹಕಳೂ ಕೇಳಬಹುದು, ಅದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ.